ನಾವು ಕೇಳುವ ಪ್ರಶ್ನೆಗಳು

ಉತ್ತರ ಬರೆಯುವುದು ಕಷ್ಟವೆಂದು ವಿದ್ಯಾರ್ಥಿಗಳು ಹೇಳುವುದುಂಟು. ಪ್ರಶ್ನೆ ಬರೆಯುವುದು ಅದಕ್ಕಿಂತಲೂ ಕಷ್ಟವೆಂದು ತಿಳಿಯಲು ನನಗೆ ಹಲವು ವರ್ಷಗಳ ಅಧ್ಯಾಪಕ ವೃತ್ತಿ ಬೇಕಾಯಿತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿಯೇ ಇದನ್ನು ಒಪ್ಪಿಕೊಂಡರೆ ನನ್ನ ಮರ್ಯಾದೆಗೆ ಕುಂದೆಂದು ಯಾರಾದರೂ ಭಾವಿಸುವುದಾದರೆ ಭಾವಿಸಲಿ.

ಹೋದ ವರ್ಷದ ಕಿರುಪರೀಕ್ಷೆಗೆ ಭೂಗೋಳದಲ್ಲಿ ನಾನು ಹೀಗೊಂದು ಪ್ರಶ್ನೆ ಕೊಟ್ಟಿದ್ದೆ: ‘ಬೆಂಕಿಯಿಂದ ಕಾಡಿಗೆ ಆಗುವ ಹಾನಿಗಳನ್ನು ವಿವರಿಸಿ.’ ಅಂಕ ಐದು. ಐದು ಅಂಶಗಳನ್ನೂ ತರಗತಿಯಲ್ಲಿ ನಾನೇ ಬರೆಸಿದ್ದೆನಾಗಿ ಎಲ್ಲರೂ ಅದನ್ನೇ ಒಪ್ಪಿಸಿದ್ದರು. ಬಿಳಿಗಿರಿರಂಗನ ಬೆಟ್ಟದ ಪೋಡೊಂದರಿಂದ ಬರುವ ಸೋಲಿಗರ ಹುಡುಗನೊಬ್ಬ ಮಾತ್ರ ಬೇರೇನೋ ಬರೆದಿದ್ದ. ಅವರ ಹಿರಿಯರು ಬೇಸಗೆ ಬಲಿಯುವ ಮೊದಲೇ ನೆಲದ ಒಣ ತರಗಿಗೆ ಸಣ್ಣಗೆ ಬೆಂಕಿ ಇಡುತ್ತಿದ್ದರಂತೆ. ಅದಕ್ಕೆ ತರಗುಬೆಂಕಿ ಎಂದು ಹೆಸರು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಕಾಡನ್ನೆಲ್ಲ ಮುಚ್ಚಿತು, ನೆಲ್ಲಿಮರಗಳ ಮೇಲೆ ಉಪ್ಪಿಲು ಎಂಬ ಬದನಿಕೆ ಹೆಚ್ಚಿತು, ಈಗ ಬೆಂಕಿ ಬಿದ್ದರೆ ಮರವೇ ಸುಡುತ್ತದೆ ಎಂದು ಬರೆದಿದ್ದ. ನಾನು ಒಂದು ಅಂಕ ಹಾಕಿ, ‘ಪ್ರಶ್ನೆಯನ್ನು ಸರಿಯಾಗಿ ಓದು’ ಎಂದು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದೆ. ಉತ್ತರಪತ್ರಿಕೆ ಕೈಗೆ ಬಂದಾಗ ಅವನು, “ಯಾವ ಬೆಂಕಿ ಅಂತ ಪ್ರಶ್ನೇಲಿ ಇರ್ನಿಲ್ವಲ್ಲ ಸಾ” ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕುಳಿತ.

ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಹುಡುಕಿ ನೋಡಿದಾಗ, ಬೆಟ್ಟದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಅಟ್ರೀ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸೋಲಿಗರ ಈ ಅಭಿಪ್ರಾಯವೇ ದಾಖಲಾಗಿತ್ತು. 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡಿನಲ್ಲಿ ಬೆಂಕಿಗೆ ಎಡೆಯಿರಬೇಕೋ ಬೇಡವೋ ಎಂಬುದು ಬಲ್ಲವರ ನಡುವೆ ಇನ್ನೂ ವಾದದಲ್ಲಿರುವ ವಿಷಯ. ಅದಕ್ಕೆ ತೀರ್ಪು ಕೊಡತಕ್ಕವನು ನಾನಲ್ಲ. ಆದರೆ ವಾದವಿರುವ ಕಡೆ ಅದು ಇಲ್ಲವೇ ಇಲ್ಲವೆಂಬಂತೆ ಪ್ರಶ್ನೆ ಕೇಳಿದವನು ನಾನೇ.

ಬೋಧನ ಶಾಸ್ತ್ರ ಓದಿದವರಿಗೆಲ್ಲ ಬ್ಲೂಮ್ ಎಂಬ ಅಮೆರಿಕದ ವಿದ್ವಾಂಸರ ಹೆಸರು ಗೊತ್ತು. ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರ ಗ್ರಂಥ ಹೊರಬಂದದ್ದು 1956ರಲ್ಲಿ; ನಮ್ಮ ಕೊಳ್ಳೇಗಾಲ ಮದರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೂ ಅದೇ. ಜ್ಞಾನ, ತಿಳುವಳಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಎಂದು ಅವರು ಆರು ಮೆಟ್ಟಿಲು ಹೇಳಿದರು. 2001ರಲ್ಲಿ ಅವರ ಅನುಯಾಯಿಗಳು ಅದನ್ನು ತಿದ್ದಿ, ಹೊಸದನ್ನು ರಚಿಸುವುದನ್ನು ತುದಿಗಿಟ್ಟರು. ನಾವೂ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಇಂತಿಷ್ಟು ಅಂಕ ಜ್ಞಾನಕ್ಕೆ, ಇಂತಿಷ್ಟು ಅನ್ವಯಕ್ಕೆ ಎಂದು ಚೌಕಗಳನ್ನು ತುಂಬುತ್ತೇವೆ. ‘ಹೆಸರಿಸಿ’ ಎಂದರೆ ಕೆಳಗಿನ ಮೆಟ್ಟಿಲು, ‘ವಿಮರ್ಶಿಸಿ’ ಎಂದರೆ ಮೇಲಿನದು, ಅಲ್ಲಿಗೆ ಕೆಲಸ ಮುಗಿಯಿತು! ಆದರೆ ವಿಮರ್ಶೆಯನ್ನೂ ನಾವೇ ಬರೆಸಿಬಿಟ್ಟರೆ, ಅಥವಾ ಅದು ಗೈಡಿನಲ್ಲಿ ಅಚ್ಚಾಗಿ ಬಂದಿದ್ದರೆ, ‘ವಿಮರ್ಶಿಸಿ’ ಎಂಬುದು ಕಂಠಪಾಠದ ಪ್ರಶ್ನೆಯೇ ಸರಿ. ಮೆಟ್ಟಿಲು ಯಾವುದೆಂಬುದನ್ನು ಕ್ರಿಯಾಪದ ಹೇಳುವುದಿಲ್ಲ. ಹುಡುಗನಿಗೆ ಮೊದಲೇ ಏನು ಕೊಟ್ಟಿದ್ದೇವೆ ಎಂಬುದು ಹೇಳುತ್ತದೆ.

ಹಾಗೆಂದು ನೆನಪಿನ ಪ್ರಶ್ನೆಯನ್ನು ಹೀನೈಸುವವರೊಡನೆ ನಾನು ಸೇರಲಾರೆ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ನಾಲ್ಕನ್ನೂ ಹೆಸರಿಟ್ಟು ಗುರುತಿಸಬಲ್ಲವನಿಗೇ ಹೆಜ್ಜೇನು ಎತ್ತರದ ಮರವನ್ನೂ ಬಂಡೆಯನ್ನೂ ಏಕೆ ಹುಡುಕುತ್ತದೆಂದು ಕೇಳಬಹುದು. ಅನಂತರ, ತಟ್ಟಿಯಲ್ಲಿ ಎಷ್ಟು ಬಿಟ್ಟು ಎಷ್ಟು ಕೊಯ್ದರೆ ಮುಂದಿನ ವರ್ಷವೂ ಜೇನು ಸಿಕ್ಕೀತು ಎಂದು ಕೇಳಬಹುದು. ಕಡೆಗೆ, 2006ರಲ್ಲಿ ಈ ಅಭಯಾರಣ್ಯದಲ್ಲಿ ಕಿರು ಅರಣ್ಯ ಉತ್ಪನ್ನ ಸಂಗ್ರಹವನ್ನು ನಿಲ್ಲಿಸಿದ್ದು ನ್ಯಾಯವೇ, 2011ರಲ್ಲಿ ಸೋಲಿಗರಿಗೆ ಸಮುದಾಯದ ಅರಣ್ಯಹಕ್ಕು ಕೊಟ್ಟದ್ದರಿಂದ ಏನು ಬದಲಾಯಿತು ಎಂದು ಕೇಳಬಹುದು. ಹೆಸರೇ ತಿಳಿಯದೆ ನ್ಯಾಯ ಹೇಳುವವರು ಈಗಾಗಲೇ ಸಾಕಷ್ಟು ಮಂದಿ ಇದ್ದಾರೆ.

ಇಂಥ ಉತ್ತರಗಳನ್ನು ತಿದ್ದುವುದು ಸುಲಭವಲ್ಲ. ಎಪ್ಪತ್ತು ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕುಳಿತವನಿಗೆ ಉತ್ತರಸೂಚಿ ಎಷ್ಟು ದೊಡ್ಡ ಆಸರೆಯೆಂಬುದು ತಿದ್ದಿದವರಿಗೇ ಗೊತ್ತು. ಐದು ಅಂಶ, ಐದು ಗುರುತು, ಐದು ಅಂಕ. ನನ್ನ ಕೈಯೂ ಅದಕ್ಕೇ ಒಗ್ಗಿತ್ತು.

ಈ ವರ್ಷ ಪ್ರಶ್ನೆಯನ್ನು ಬದಲಾಯಿಸಿದೆ: ‘ತರಗುಬೆಂಕಿಗೂ ಕಾಡ್ಗಿಚ್ಚಿಗೂ ಇರುವ ವ್ಯತ್ಯಾಸವೇನು? ಕಾಡಿನಲ್ಲಿ ಬೆಂಕಿಯೇ ಕೂಡದೆಂಬ ನಿಯಮವನ್ನು ನೀವು ಒಪ್ಪುವಿರಾ? ಕಾರಣ ಕೊಡಿ.’ ಬಹಳ ಮಂದಿ ಎರಡನೆಯ ಭಾಗವನ್ನು ಖಾಲಿ ಬಿಟ್ಟಿದ್ದರು. ನೋಟ್ಸಿನಲ್ಲಿ ಇಲ್ಲದ್ದನ್ನು ಕೇಳಿದರೆಂದು ಪ್ರಾಂಶುಪಾಲರವರೆಗೂ ದೂರು ಹೋಯಿತು. ಯಳಂದೂರು ಕಡೆಯ ಹುಡುಗಿಯೊಬ್ಬಳು ಮಾತ್ರ, ತನ್ನ ತಾತನನ್ನು ಕೇಳಿಕೊಂಡು ಬಂದು ಬರೆಯಬಹುದೇ ಎಂದು ಪರೀಕ್ಷೆಯ ನಡುವೆ ಎದ್ದು ನಿಂತು ಕೇಳಿದಳು. ಕೂಡದೆಂದೆ, ಪರೀಕ್ಷೆಯ ನಿಯಮ ಹಾಗಿದೆ.

ಬೆಟ್ಟದ ಆ ಹುಡುಗ ಈಗ ಕೊನೆಯ ವರ್ಷದಲ್ಲಿದ್ದಾನೆ. ಹಿಂದಿನ ಅಂಕಗಳು ವಿಶ್ವವಿದ್ಯಾನಿಲಯಕ್ಕೆ ಹೋಗಿಯಾಗಿವೆ, ತಿದ್ದಲು ಬಾರದು. ಅವನನ್ನು ಕರೆದು, ನೀನು ಬರೆದದ್ದು ಸರಿಯಾಗಿತ್ತು ಎಂದು ಹೇಳಿದೆ. “ಗೊತ್ತು ಸಾ” ಎಂದ.