ಪರವಾನಿಗೆಗೂ ಗಡಿಯುಂಟು

ರಜೆ ಬಂತೆಂದರೆ ಮುಂಬಯಿ ಕನ್ನಡಿಗರ ಮನಸ್ಸು ಊರಿನತ್ತ ಓಡುತ್ತದೆ. ಮದುವೆ, ನೇಮೋತ್ಸವ, ಬ್ರಹ್ಮಕಲಶ, ಜಾಗದ ವ್ಯವಹಾರ ಎಂದು ಒಂದಲ್ಲ ಒಂದು ಕಾರಣ ಇದ್ದೇ ಇರುತ್ತದೆ. ಹೊರಡುವವರ ಸಾಮಾನುಗಳ ನಡುವೆ ಅಪರೂಪಕ್ಕೆ ಪರವಾನಿಗೆ ಇರುವ ರಿವಾಲ್ವರ್ ಅಥವಾ ಪಿಸ್ತೂಲೂ ಇರುವುದುಂಟು. 1990ರ ದಶಕದ ಹಫ್ತಾ ಬೆದರಿಕೆಯ ದಿನಗಳಲ್ಲಿ ಈ ನಗರದ ಕೆಲವು ಹೋಟೆಲ್ ಉದ್ಯಮಿಗಳು ಆತ್ಮರಕ್ಷಣೆಗಾಗಿ ಶಸ್ತ್ರ ಪರವಾನಿಗೆ ಪಡೆದದ್ದು ಹಿರಿಯರಿಗೆ ನೆನಪಿರಬಹುದು. ‘ಲೈಸನ್ಸ್ ಇದೆಯಲ್ಲ, ಮತ್ತೇನು ಭಯ?’ ಎಂಬುದು ಅಂತಹವರ ಧೈರ್ಯ. ಆದರೆ ಆ ಲೈಸನ್ಸ್ ಎಲ್ಲಿಯವರೆಗೆ ನಡೆಯುತ್ತದೆ ಎಂದು ತೆರೆದು ಓದಿದವರು ಕಡಿಮೆ.

1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ನಿಯಮಗಳ ಪ್ರಕಾರ ಪ್ರತಿಯೊಂದು ಪರವಾನಿಗೆಯಲ್ಲೂ ಅದು ಯಾವ ಪ್ರದೇಶಕ್ಕೆ ಅನ್ವಯ ಎಂದು ನಮೂದಿಸಲಾಗುತ್ತದೆ. ಮಹಾರಾಷ್ಟ್ರಕ್ಕೆ ಮಾತ್ರ ಎಂದಿದ್ದರೆ ಅದು ಮಹಾರಾಷ್ಟ್ರಕ್ಕೆ ಮಾತ್ರ. ಪನ್ವೇಲ್ ದಾಟಿ ಕರಾವಳಿಯ ಹೆದ್ದಾರಿ ಹಿಡಿದವರು ಗೋವಾ ಹಾದು ಕಾರವಾರ ಸೇರುವಷ್ಟರಲ್ಲಿ ಮೂರು ರಾಜ್ಯಗಳನ್ನು ಕಾಣುತ್ತಾರೆ. ಕಾರಿನಲ್ಲಿ ಕುಳಿತವರಿಗೆ ಗಡಿ ಒಂದು ಫಲಕವಷ್ಟೇ, ಕಾನೂನಿಗೆ ಹಾಗಲ್ಲ. ಅತ್ತ ಒಯ್ಯಲೇಬೇಕಾದ ಅಗತ್ಯವಿದ್ದರೆ ಮುಂಬಯಿಯಲ್ಲಿ ಪರವಾನಿಗೆ ಕೊಡುವ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿ, ಅನುಮತಿ ಪಡೆದೇ ಹೊರಡಬೇಕು. ಪರವಾನಿಗೆಯಿಲ್ಲದೆ ಶಸ್ತ್ರ ಅಥವಾ ಮದ್ದುಗುಂಡು ಹೊಂದಿದ್ದರೆ, 2019ರ ತಿದ್ದುಪಡಿಯ ಬಳಿಕ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸಜೆ ಎಂಬುದನ್ನು ಮರೆಯಬಾರದು.

ವಿಮಾನದಲ್ಲಿ ಹೋಗುವವರು ಇನ್ನೂ ಎಚ್ಚರದಿಂದಿರಬೇಕು. ಮುಂಬಯಿಗರ ಬಾಯಲ್ಲಿ ಇಂದಿಗೂ ಸಾಂತಾಕ್ರೂಜ್ ಎಂದೇ ಕರೆಸಿಕೊಳ್ಳುವ ದೇಶೀಯ ವಿಮಾನ ನಿಲ್ದಾಣದಲ್ಲಾಗಲಿ, ಬಜ್ಪೆಯಲ್ಲಾಗಲಿ ಶಸ್ತ್ರವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಗುಂಡು ತೆಗೆದು, ಚೆಕ್-ಇನ್ ಕೌಂಟರಿನಲ್ಲಿ ತಿಳಿಸಿ, ಮೂಲ ಪರವಾನಿಗೆ ತೋರಿಸಿ, ಸಾಮಾನಿನ ವಿಭಾಗಕ್ಕೆ ಒಪ್ಪಿಸಬೇಕು. ಗುಂಡುಗಳ ಸಂಖ್ಯೆಗೂ ಮಿತಿಯಿದೆ. ಟಿಕೆಟ್ ತೆಗೆಯುವ ಮೊದಲೇ ವಿಮಾನ ಸಂಸ್ಥೆಯನ್ನು ವಿಚಾರಿಸುವುದು ಲೇಸು.

ನಿಜವಾಗಿ ಜನ ಸಿಕ್ಕಿಬೀಳುವುದು ಪಿಸ್ತೂಲಿನಿಂದಲ್ಲ, ಮರೆತುಹೋದ ಒಂದು ಗುಂಡಿನಿಂದ. ಅಪ್ಪನ ಹಳೆಯ ಬ್ಯಾಗನ್ನು ಮಗ ಎತ್ತಿಕೊಂಡು ಹೊರಡುತ್ತಾನೆ, ಅದರ ಮೂಲೆಯ ಜೇಬಿನಲ್ಲಿ ವರ್ಷಗಳ ಹಿಂದಿನ ಗುಂಡೊಂದು ಉಳಿದಿರುತ್ತದೆ. ಎಕ್ಸ್-ರೇ ಯಂತ್ರ ಅದನ್ನು ಬಿಡುವುದಿಲ್ಲ. ವಿಮಾನ ತಪ್ಪುತ್ತದೆ, ಪೊಲೀಸ್ ಠಾಣೆ, ಎಫ್‌ಐಆರ್, ವಕೀಲರು ಎಂದು ಅಲೆದಾಟ ಶುರುವಾಗುತ್ತದೆ. ಅಪರಾಧಕ್ಕೆ ಅರಿವಿದ್ದು ಇಟ್ಟುಕೊಂಡಿರಬೇಕು ಎಂಬ ತತ್ವದ ಮೇಲೆ ಇಂತಹ ಹಲವು ಪ್ರಕರಣಗಳನ್ನು ದಿಲ್ಲಿ ಹೈಕೋರ್ಟ್ ರದ್ದುಪಡಿಸಿದೆ ನಿಜ. ಆದರೆ ಹೈಕೋರ್ಟಿನವರೆಗೆ ಹೋಗಿ ಬರುವ ಖರ್ಚು ಮತ್ತು ಮಾನಸಿಕ ಹಿಂಸೆಯನ್ನು ಯಾರೂ ಹಿಂತಿರುಗಿಸುವುದಿಲ್ಲ.

‘ಕೊಡಗಿನವರಿಗೆ ಲೈಸನ್ಸೇ ಬೇಡವಲ್ಲ?’ ಎಂದು ಕೇಳುವವರಿದ್ದಾರೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿಯನ್ನು ಪೂಜಿಸುವ ಒಂದು ನಾಡಿನ ಸಂಪ್ರದಾಯಕ್ಕೆ ಷರತ್ತುಗಳೊಡನೆ ಸಂದ ಮನ್ನಣೆ. ಉಳಿದ ಕನ್ನಡಿಗರು ಅದನ್ನು ತಮಗೆ ಅನ್ವಯಿಸಿಕೊಳ್ಳುವಂತಿಲ್ಲ.

ಊರಿನ ಮನೆಯ ಕೋವಿಯ ವಿಚಾರವೂ ಇಲ್ಲಿ ಮುಖ್ಯ. ಹಂದಿ, ಮಂಗಗಳ ಕಾಟಕ್ಕೆಂದು ತಂದೆ ಬೆಳೆ ರಕ್ಷಣೆಯ ಪರವಾನಿಗೆ ಪಡೆದಿರುತ್ತಾರೆ. ಅವರು ತೀರಿಕೊಂಡ ಮೇಲೆ ಅದು ಅಟ್ಟದಲ್ಲಿ ಉಳಿಯುತ್ತದೆ, ಮಕ್ಕಳೆಲ್ಲ ಮುಂಬಯಿಯಲ್ಲಿ. ಹಾಗೆ ಉಳಿಸಿಕೊಳ್ಳುವುದೂ ತಪ್ಪೇ. ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಿಗೆ ಪಡೆದ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು. ತಂದೆಗೆ 70 ವರ್ಷ ತುಂಬಿದ್ದರೆ ಅವರು ಬದುಕಿರುವಾಗಲೇ ವರ್ಗಾವಣೆಗೆ ಅವಕಾಶವಿದೆ. ‘ನಮ್ಮ ಮನೆಯದೇ ತಾನೇ’ ಎಂದು ಕಾರಿನಲ್ಲಿಟ್ಟು ಮುಂಬಯಿಗೆ ತರುವ ಯೋಚನೆ ಮಾತ್ರ ಬೇಡ.

ಇನ್ನು ಮದುವೆ ಮನೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜಂಬ ತೋರುವ ಚಾಳಿ. ಇತರರ ಜೀವಕ್ಕೆ ಅಪಾಯ ತರುವಂತೆ ಹಾಗೆ ಹಾರಿಸಿದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಮುಂಬಯಿಯ ಕನ್ನಡ ಸಂಘಗಳಲ್ಲಿ ವಕೀಲರಿಗೂ ನಿವೃತ್ತ ಪೊಲೀಸ್ ಅಧಿಕಾರಿಗಳಿಗೂ ಕೊರತೆಯಿಲ್ಲ. ವೈದ್ಯಕೀಯ ಶಿಬಿರದಂತೆಯೇ ರಜೆಗೆ ಮುನ್ನ ಒಂದು ಸಂಜೆ ಕಾನೂನು ಮಾಹಿತಿಗೂ ಮೀಸಲಿಟ್ಟರೆ ಹಲವು ಮನೆಗಳ ತಲೆನೋವು ತಪ್ಪೀತು. ಅಲ್ಲಿಯವರೆಗೆ ಪಾಲಿಸಬೇಕಾದದ್ದು ಇಷ್ಟೇ: ಪರವಾನಿಗೆಯನ್ನು ತೆರೆದು ಓದಬೇಕು, ಬ್ಯಾಗಿನ ಪ್ರತಿಯೊಂದು ಜೇಬನ್ನೂ ತಡಕಿ ನೋಡಬೇಕು, ಅಗತ್ಯವಿಲ್ಲದಿದ್ದರೆ ಶಸ್ತ್ರವನ್ನು ಮುಂಬಯಿಯಲ್ಲೇ ಭದ್ರವಾಗಿ ಬೀಗ ಹಾಕಿಟ್ಟು ಹೊರಡಬೇಕು. ಊರಿನ ದೈವದ ಮುಂದೆ ಕೈಮುಗಿಯಲು ಸೊಂಟದಲ್ಲಿ ಪಿಸ್ತೂಲು ಬೇಕಾಗಿಲ್ಲ.