ದಿನಾಂಕ ಖಚಿತ, ಬಿಲ್ಲು ಅನಿಶ್ಚಿತ

2016ರ ಜೂನ್ 17ರಂದು ಬ್ರೆಜಿಲ್‌ನ ರಿಯೊ ಡಿ ಜನೈರೊ ರಾಜ್ಯದ ಹಂಗಾಮಿ ಗವರ್ನರ್ ಫ್ರಾನ್ಸಿಸ್ಕೊ ಡೊರ್ನೆಲೆಸ್ ಒಂದು ಆದೇಶ ಹೊರಡಿಸಿದರು. ರಾಜ್ಯದ ಬೊಕ್ಕಸ ಬರಿದಾಗಿದೆ, ಆದ್ದರಿಂದ ಇದು ‘ಸಾರ್ವಜನಿಕ ವಿಪತ್ತು’ ಎಂದು ಆ ಆದೇಶ ಘೋಷಿಸಿತು. ಸಾಮಾನ್ಯವಾಗಿ ನೆರೆ, ಭೂಕುಸಿತಗಳಾದಾಗ ಮಾಡುವ ಘೋಷಣೆಯನ್ನು ಹಣದ ಮುಗ್ಗಟ್ಟಿಗೆ ಮಾಡಬೇಕಾಗಿ ಬಂದ ಕಾರಣವೂ ಆದೇಶದಲ್ಲೇ ಇತ್ತು: ಒಲಿಂಪಿಕ್ಸ್‌ಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವಾಗಿದೆ. ಉದ್ಘಾಟನೆಗೆ ಆಗ 49 ದಿನಗಳಷ್ಟೇ ಬಾಕಿ. ಕೇಂದ್ರ ಸರ್ಕಾರ ಕ್ರೀಡಾಕೂಟದ ಭದ್ರತೆಗೆಂದು 290 ಕೋಟಿ ರಿಯಲ್ ನೆರವು ಕೊಟ್ಟಿತು. ಜುಲೈ ಮೊದಲ ವಾರದ ಹೊತ್ತಿಗೆ ಸಂಬಳ ಬಾರದ ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿ ರಿಯೊ ವಿಮಾನ ನಿಲ್ದಾಣದಲ್ಲಿ ‘ನರಕಕ್ಕೆ ಸ್ವಾಗತ’ ಎಂಬ ಬ್ಯಾನರ್ ಹಿಡಿದು ವಿದೇಶಿ ಅತಿಥಿಗಳನ್ನು ಎದುರುಗೊಂಡರು. ಆಗಸ್ಟ್ 5ರಂದು ಮಾತ್ರ ಮರಕಾನಾ ಕ್ರೀಡಾಂಗಣದಲ್ಲಿ ಉದ್ಘಾಟನಾ ಸಮಾರಂಭ ಸಾಂಗವಾಗಿ ನಡೆಯಿತು.

ಒಲಿಂಪಿಕ್ಸ್‌ನಿಂದಲೇ ರಿಯೊ ದಿವಾಳಿಯಾಯಿತು ಎಂದರೆ ಅದು ಅನ್ಯಾಯದ ಮಾತಾಗುತ್ತದೆ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾತೈಲದ ಬೆಲೆ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. ತೈಲದ ರಾಯಧನವನ್ನೇ ನೆಚ್ಚಿಕೊಂಡಿದ್ದ ರಾಜ್ಯ ಅದಾದ್ದರಿಂದ ಹೊಡೆತ ನೇರವಾಗಿ ಬಿತ್ತು. ಬ್ರೆಜಿಲ್‌ನ ಅರ್ಥವ್ಯವಸ್ಥೆ 2015 ಮತ್ತು 2016ರಲ್ಲಿ ಸತತವಾಗಿ ಶೇ 3ಕ್ಕಿಂತ ಹೆಚ್ಚು ಕುಗ್ಗಿತು. ಪಿಂಚಣಿಯ ಹೊರೆ, ಉದ್ಯಮಗಳಿಗೆ ಧಾರಾಳವಾಗಿ ಕೊಟ್ಟ ತೆರಿಗೆ ವಿನಾಯಿತಿ, ಭ್ರಷ್ಟಾಚಾರ ಇವೆಲ್ಲ ಇದ್ದೇ ಇದ್ದವು. ಬಿಕ್ಕಟ್ಟು ಒಲಿಂಪಿಕ್ಸ್‌ನಿಂದ ಹುಟ್ಟಿದ್ದಲ್ಲ. ಆದರೆ ಬಿಕ್ಕಟ್ಟು ಬಂದಾಗ ಯಾರಿಗೆ ಮೊದಲು ಹಣ, ಯಾರಿಗೆ ಕೊನೆಗೆ ಎಂಬುದನ್ನು ಒಲಿಂಪಿಕ್ಸ್ ತೀರ್ಮಾನಿಸಿತು. 2015ರ ಡಿಸೆಂಬರಿನಲ್ಲೇ ರಾಜ್ಯದ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸತೊಡಗಿ, ಆರೋಗ್ಯ ತುರ್ತುಸ್ಥಿತಿ ಘೋಷಣೆಯಾಗಿತ್ತು. ಆಸ್ಪತ್ರೆ ಕಾಯಬಹುದು, ಪಿಂಚಣಿ ಕಾಯಬಹುದು, ಪೊಲೀಸ್ ಪೇದೆಯ ಸಂಬಳವೂ ಕಾಯಬಹುದು. ಉದ್ಘಾಟನೆಯ ದಿನ ಕಾಯುವುದಿಲ್ಲ. ಹಿಂಜರಿತದ ಕಾಲದಲ್ಲಿ ದೊಡ್ಡ ಕ್ರೀಡಾಕೂಟಕ್ಕೆ ಸರ್ಕಾರಿ ಹಣ ಸುರಿಯುವುದರ ನಿಜವಾದ ತೊಂದರೆ ಇರುವುದು ಇಲ್ಲೇ. ಖರ್ಚಿನ ಗಾತ್ರಕ್ಕಿಂತಲೂ, ಆ ಖರ್ಚನ್ನು ಮುಂದೂಡಲು ಬರುವುದಿಲ್ಲ ಎಂಬುದು ದೊಡ್ಡ ಅಪಾಯ.

ಆದಾಯ ಕುಸಿದಾಗ ಯಾವುದೇ ಸರ್ಕಾರ ಮೊದಲು ಮಾಡುವ ಕೆಲಸ ಮುಂದೂಡಿಕೆ. ಹೊಸ ಕಾಮಗಾರಿಗಳಿಗೆ ತಡೆ ಬೀಳುತ್ತದೆ, ಟೆಂಡರ್‌ಗಳು ಮುಂದಕ್ಕೆ ಹೋಗುತ್ತವೆ, ಗುತ್ತಿಗೆದಾರರ ಬಿಲ್ಲುಗಳು ಬಾಕಿ ಉಳಿಯುತ್ತವೆ. ಕರ್ನಾಟಕದ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೇತುವೆ ಎರಡು ವರ್ಷ ತಡವಾದರೆ ಜನ ಬೈಯುತ್ತಾರೆ, ಆದರೂ ತಡವಾದ ಸೇತುವೆ ಸೇತುವೆಯೇ. ತಡವಾದ ಕ್ರೀಡಾಂಗಣ ಮಾತ್ರ ಯಾವ ಕೆಲಸಕ್ಕೂ ಬಾರದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡೂ ಸಂಕಟ ಇಲ್ಲಿ ಒಟ್ಟಿಗೇ ಬರುತ್ತವೆ: ಮನೆ ಕಟ್ಟುವುದು ಮುಗಿಯುವ ಮೊದಲೇ ಮದುವೆಯ ಮುಹೂರ್ತ ಗೊತ್ತಾಗಿರುತ್ತದೆ, ಅದು ಇಡೀ ಊರಿಗೆ ತಿಳಿದಿರುತ್ತದೆ. ಗುತ್ತಿಗೆದಾರನಿಗೂ ತಿಳಿದಿರುತ್ತದೆ. ಕೊನೆಯ ಆರು ತಿಂಗಳಲ್ಲಿ ಅವನು ಹೇಳಿದ್ದೇ ದರ. 1960ರಿಂದೀಚಿನ ಒಲಿಂಪಿಕ್ಸ್‌ಗಳ ಲೆಕ್ಕ ಹುಡುಕಿದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಿಗೆ, ಮಾಹಿತಿ ಸಿಕ್ಕ ಕೂಟಗಳಲ್ಲಿ ಮೂಲ ಅಂದಾಜಿನೊಳಗೆ ಮುಗಿದ ಒಂದೂ ಕಾಣಲಿಲ್ಲ. ಹಣದುಬ್ಬರ ಕಳೆದ ಮೇಲೂ ಸರಾಸರಿ ಹೆಚ್ಚಳ ಶೇ 150ಕ್ಕಿಂತ ಮೇಲೆ. ಇದರ ಮೇಲೆ ಆತಿಥೇಯ ನಗರ ಮತ್ತು ಸರ್ಕಾರಗಳು ನಷ್ಟವನ್ನೆಲ್ಲ ತಾವೇ ತುಂಬಿಕೊಡುವುದಾಗಿ ಮೊದಲೇ ಖಾತರಿ ಬರೆದುಕೊಟ್ಟಿರುತ್ತವೆ.

ಹಿಂಜರಿತ ಬಂದಾಗ ಈ ಖಾತರಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಎರಡು ಕ್ರೀಡಾಗ್ರಾಮಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಲಂಡನ್ 2012ರ ಕ್ರೀಡಾಗ್ರಾಮವನ್ನು ಖಾಸಗಿಯವರ ಹಣದಲ್ಲಿ ಕಟ್ಟಿ, ಕೂಟ ಮುಗಿದ ಮೇಲೆ ಮನೆಗಳನ್ನು ಮಾರುವ ಲೆಕ್ಕಾಚಾರವಿತ್ತು. 2008ರಲ್ಲಿ ಬ್ಯಾಂಕುಗಳು ಕುಸಿದವು, ಸಾಲ ಹುಟ್ಟಲಿಲ್ಲ. 2009ರಲ್ಲಿ ಬ್ರಿಟನ್ ಸರ್ಕಾರವೇ ಪೂರ್ತಿ ಹಣ ಹಾಕಿತು. 2011ರಲ್ಲಿ ಅದನ್ನು 55.7 ಕೋಟಿ ಪೌಂಡ್‌ಗೆ ಮಾರಿದಾಗ ತೆರಿಗೆದಾರರಿಗಾದ ನಷ್ಟ ಸುಮಾರು 27.5 ಕೋಟಿ ಪೌಂಡ್. ದೆಹಲಿಯ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ ಕಥೆ ಹೆಚ್ಚುಕಡಿಮೆ ಅದೇ. ಯಮುನಾ ದಡದ ಕ್ರೀಡಾಗ್ರಾಮವನ್ನು ಕಟ್ಟುತ್ತಿದ್ದ ಖಾಸಗಿ ಬಿಲ್ಡರ್ ಹಣವಿಲ್ಲವೆಂದು ಕೈಚೆಲ್ಲಿದಾಗ, 2009ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ 333 ಫ್ಲ್ಯಾಟ್‌ಗಳನ್ನು ₹766 ಕೋಟಿಗೂ ಹೆಚ್ಚು ಕೊಟ್ಟು ತಾನೇ ಕೊಂಡಿತು. ಮಹಾಲೇಖಪಾಲರ (ಸಿಎಜಿ) ವರದಿ ಇದನ್ನು ಕಟುವಾಗಿ ಟೀಕಿಸಿತು. ಎರಡೂ ಕಡೆ ಲಾಭವಾದರೆ ಖಾಸಗಿಯವರದು, ನಷ್ಟವಾದರೆ ಜನರದು. ಬೇರೆ ಯಾವುದೇ ಯೋಜನೆಯಾಗಿದ್ದರೆ ‘ಮಾರುಕಟ್ಟೆ ಚೇತರಿಸಿಕೊಳ್ಳಲಿ, ಆಮೇಲೆ ನೋಡೋಣ’ ಎನ್ನಬಹುದಿತ್ತು. ಆ ಮಾತು ಹೇಳುವ ಸ್ವಾತಂತ್ರ್ಯ ಇಬ್ಬರಿಗೂ ಇರಲಿಲ್ಲ. ಹಿಂಜರಿತ ಬರುತ್ತದೆಂದು ಮೊದಲೇ ಗೊತ್ತಿದ್ದರೆ ನಾವು ಬಿಡ್ ಸಲ್ಲಿಸುತ್ತಲೇ ಇರಲಿಲ್ಲವೇನೋ ಎಂಬ ಅರ್ಥದಲ್ಲಿ ಬ್ರಿಟನ್ನಿನ ಒಲಿಂಪಿಕ್ಸ್ ಸಚಿವೆ ಟೆಸಾ ಜೊವೆಲ್ 2008ರ ನವೆಂಬರಿನಲ್ಲಿ ಬಾಯಿಬಿಟ್ಟೇ ಹೇಳಿದ್ದರು.

ಇದಕ್ಕೆ ಮೊದಲ ಆಕ್ಷೇಪ ಅರ್ಥಶಾಸ್ತ್ರದ ಕಡೆಯಿಂದಲೇ ಬರುತ್ತದೆ. ಹಿಂಜರಿತದಲ್ಲಿ ಖಾಸಗಿ ಹೂಡಿಕೆ ಹಿಂದೆ ಸರಿದಾಗ ಸರ್ಕಾರವೇ ಖರ್ಚು ಮಾಡಬೇಕು, ಆಗಲೇ ಜನರ ಕೈಗೆ ಕೆಲಸ ಸಿಗುತ್ತದೆ, ಕ್ರೀಡಾಕೂಟವೂ ಅಂಥದೇ ಖರ್ಚಲ್ಲವೇ ಎಂಬುದು ಆ ವಾದ. ತತ್ವ ಸರಿಯಾದದ್ದೇ. ಆದರೆ ಅಂಥ ಖರ್ಚಿಗೆ ಎರಡು ಲಕ್ಷಣ ಇರಬೇಕು: ಬೇಕಾದಾಗ ಶುರುವಾಗಿ ಸಾಕಾದಾಗ ನಿಲ್ಲುವಂತಿರಬೇಕು, ಮತ್ತು ಇನ್ನೊಂದು ಕಡೆಯ ಖರ್ಚನ್ನು ಕಿತ್ತು ತಂದದ್ದಾಗಿರಬಾರದು. ಕ್ರೀಡಾಕೂಟದ ಖರ್ಚು ನಿರುದ್ಯೋಗದ ಏರಿಳಿತ ನೋಡಿ ಹರಿಯುವುದಿಲ್ಲ, ಕ್ಯಾಲೆಂಡರ್ ನೋಡಿ ಹರಿಯುತ್ತದೆ. ಇನ್ನು ಎರಡನೆಯದಕ್ಕೆ ಲಂಡನ್ನೇ ಸಾಕ್ಷಿ. 2010ರಲ್ಲಿ ಬ್ರಿಟನ್‌ನ ಹೊಸ ಸರ್ಕಾರ ಮಿತವ್ಯಯದ ಕತ್ತರಿ ಹಿಡಿದಾಗ ಒಲಿಂಪಿಕ್ಸ್‌ನ ಸುಮಾರು 930 ಕೋಟಿ ಪೌಂಡ್‌ಗಳ ಬಜೆಟ್ ಬಹುಪಾಲು ಹಾಗೇ ಉಳಿಯಿತು. ಅದೇ ವರ್ಷ ಇಂಗ್ಲೆಂಡಿನ ಶಾಲಾ ಕ್ರೀಡಾ ಸಹಭಾಗಿತ್ವ ಯೋಜನೆಯ 16.2 ಕೋಟಿ ಪೌಂಡ್ ಅನುದಾನವನ್ನು ರದ್ದುಪಡಿಸಲು ಶಿಕ್ಷಣ ಸಚಿವ ಮೈಕೆಲ್ ಗೋವ್ ಹೊರಟರು. ಶಿಕ್ಷಕರು, ಆಟಗಾರರು, ಮಕ್ಕಳು ಗಲಾಟೆಯೆಬ್ಬಿಸಿದ ಮೇಲೆ ಒಂದು ಪಾಲು ಮಾತ್ರ ಮರಳಿ ಬಂತು. ಹೊಸ ಪೀಳಿಗೆಗೆ ಸ್ಫೂರ್ತಿ ತುಂಬುವುದೇ ತನ್ನ ಗುರಿ ಎಂದು ಸಾರಿದ ಕೂಟಕ್ಕೆ ಎರಡು ವರ್ಷ ಮೊದಲು, ಆ ಪೀಳಿಗೆ ಶಾಲೆಯಲ್ಲಿ ಆಡಲು ಇದ್ದ ಹಣಕ್ಕೆ ಕತ್ತರಿ ಬಿತ್ತು. ಶಾಲಾ ಕ್ರೀಡೆಯ ಖರ್ಚನ್ನು ಮುಂದೂಡಬಹುದಾಗಿತ್ತು, ಆದ್ದರಿಂದ ಅದನ್ನೇ ಮುಂದೂಡಿದರು.

ಎರಡನೆಯ ಆಕ್ಷೇಪ ಮೂಲಸೌಕರ್ಯದ್ದು. ಆಟ ಮುಗಿದರೂ ಮೆಟ್ರೊ, ರಸ್ತೆ, ವಿಮಾನ ನಿಲ್ದಾಣ ಉಳಿಯುತ್ತವೆ ಎನ್ನುತ್ತಾರೆ. ಉಳಿಯುತ್ತವೆ, ನಿಜ. ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್ ಪ್ರದೇಶ ಬದಲಾದದ್ದನ್ನು ಯಾರೂ ಅಲ್ಲಗಳೆಯಲಾರರು. ಪ್ರಶ್ನೆಯಿರುವುದು ಕಾಮಗಾರಿಯನ್ನು ಆಯ್ಕೆ ಮಾಡುವವರು ಯಾರು ಎಂಬುದರಲ್ಲಿ. ರಿಯೊದಲ್ಲಿ ಮೆಟ್ರೊ 4ನೇ ಮಾರ್ಗ ಇಪನೆಮಾದಿಂದ ಬಾರ್ರಾ ಡ ಟಿಜುಕಾದ ಕಡೆಗೆ ಸಾಗಿತು, ಏಕೆಂದರೆ ಒಲಿಂಪಿಕ್ ಪಾರ್ಕ್ ಇದ್ದದ್ದು ಬಾರ್ರಾದಲ್ಲಿ. ಎರಡೂ ಸ್ಥಿತಿವಂತರ ಬಡಾವಣೆಗಳು. ದಿನಾ ರೈಲು, ಬಸ್ಸುಗಳಲ್ಲಿ ನೇತಾಡಿಕೊಂಡು ಕೆಲಸಕ್ಕೆ ಬರುವ ಉತ್ತರದ ಉಪನಗರಗಳ ಕಾರ್ಮಿಕರ ದಾರಿ ಅದಲ್ಲ. ಸಾಲದ್ದಕ್ಕೆ, ಆ ಮಾರ್ಗದ ಗಾವಿಯಾ ನಿಲ್ದಾಣ ಗಡುವಿನೊಳಗೆ ಮುಗಿಯದೆ ಅರ್ಧಕ್ಕೆ ನಿಂತಿತು. ಅಗೆದ ಬಾವಿಯ ಗೋಡೆ ಕುಸಿಯದಿರಲೆಂದು ಅದಕ್ಕೆ ನೀರು ತುಂಬಿಸಿ ವರ್ಷಗಟ್ಟಲೆ ಹಾಗೇ ಬಿಟ್ಟರು. ಉದ್ಘಾಟನೆ ನಡೆದ ಮರಕಾನಾದಲ್ಲೇ 2017ರ ಆರಂಭದ ಹೊತ್ತಿಗೆ ಬಿಲ್ಲು ಕಟ್ಟದ್ದಕ್ಕೆ ಕರೆಂಟು ಕಡಿದುಹೋಗಿ, ಹುಲ್ಲು ಒಣಗಿ, ಕುರ್ಚಿಗಳು ಕಿತ್ತುಹೋಗಿದ್ದವು. ನಗರಕ್ಕೆ ನಿಜವಾಗಿ ಬೇಕಾದ ಮೆಟ್ರೊವನ್ನು ಕ್ರೀಡಾಕೂಟದ ನೆಪವಿಲ್ಲದೆಯೂ ಕಟ್ಟಬಹುದು. ದೆಹಲಿ ಮೆಟ್ರೊ ಓಡಲು ಶುರುವಾದದ್ದು 2002ರಲ್ಲಿ, ಕಾಮನ್‌ವೆಲ್ತ್ ಕೂಟದ ಆತಿಥ್ಯ ದೆಹಲಿಗೆ ದಕ್ಕುವುದಕ್ಕೂ ಒಂದು ವರ್ಷ ಮೊದಲು.

ಲಾಸ್ ಏಂಜಲೀಸ್ ಲಾಭ ಮಾಡಿತಲ್ಲ ಎಂಬುದು ಮೂರನೆಯ ಮಾತು. ಮಾಡಿತು, 1984ರಲ್ಲಿ, 20 ಕೋಟಿ ಡಾಲರ್‌ಗೂ ಹೆಚ್ಚು. ಹೇಗೆ ಮಾಡಿತು ಎಂಬುದನ್ನು ನೋಡಿದರೆ ಈ ಉದಾಹರಣೆ ತಿರುಗಿ ನಮ್ಮ ಕಡೆಗೇ ವಾಲುತ್ತದೆ. ಮಾಂಟ್ರಿಯಲ್ 1976ರ ಕೂಟ ನಡೆಸಿ ಸಾಲದಲ್ಲಿ ಮುಳುಗಿದ್ದನ್ನು ಕಂಡಿದ್ದ ಲಾಸ್ ಏಂಜಲೀಸ್ ಮತದಾರರು, ಒಲಿಂಪಿಕ್ಸ್‌ಗೆ ನಗರದ ಹಣ ಮುಟ್ಟಬಾರದು ಎಂಬ ತಿದ್ದುಪಡಿಯನ್ನು 1978ರಲ್ಲಿ ಮತ ಹಾಕಿ ಗೆಲ್ಲಿಸಿದರು. ಆತಿಥ್ಯಕ್ಕೆ ಆಸಕ್ತಿ ತೋರಿದ್ದ ಟೆಹರಾನ್ ಹಿಂದೆ ಸರಿದಿದ್ದರಿಂದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಬೇರೆ ದಾರಿಯಿರಲಿಲ್ಲ, ಖಾತರಿಯಿಲ್ಲದೆಯೇ ಒಪ್ಪಿಕೊಂಡಿತು. 1932ರ ಒಲಿಂಪಿಕ್ಸ್ ನಡೆದಿದ್ದ ಹಳೆಯ ಕೊಲಿಸಿಯಂ ಕ್ರೀಡಾಂಗಣವೇ ಮತ್ತೆ ಮುಖ್ಯ ಅಂಗಳವಾಯಿತು. ಆ 1932ರ ಕೂಟ ನಡೆದದ್ದು ಮಹಾ ಆರ್ಥಿಕ ಕುಸಿತದ ನಡುಮಧ್ಯೆ. ಹಿಂದಿನ ಕೂಟದಲ್ಲಿದ್ದ ಆಟಗಾರರ ಅರ್ಧದಷ್ಟೂ ಮಂದಿ ಬರಲಿಲ್ಲ, ಆದರೂ ಕೂಟ ಚಿಕ್ಕದಾಗಿ ಚೊಕ್ಕವಾಗಿ ನಡೆಯಿತು, ಭಾರತ ಹಾಕಿಯಲ್ಲಿ ಅಮೆರಿಕವನ್ನು 24–1ರಿಂದ ಸೋಲಿಸಿತು. ಕೈಯಲ್ಲಿರುವುದನ್ನೇ ಬಳಸಿ, ಖಾತರಿ ಕೊಡದೆ ನಡೆಸಿದರೆ ಕ್ರೀಡಾಕೂಟ ಹೊರೆಯಾಗಬೇಕಿಲ್ಲ. ಇದೇ ಕಾರಣಕ್ಕೆ 2015ರಲ್ಲಿ ಬಾಸ್ಟನ್ ಮೇಯರ್ ಮಾರ್ಟಿ ವಾಲ್ಶ್ ಖಾತರಿ ಪತ್ರಕ್ಕೆ ಸಹಿ ಹಾಕಲು ಒಲ್ಲೆ ಎಂದರು. ಅವತ್ತೇ ಆ ನಗರದ ಒಲಿಂಪಿಕ್ಸ್ ಬಿಡ್ ಬಿದ್ದುಹೋಯಿತು.

ಉಳಿದದ್ದು ಹೆಮ್ಮೆಯ ಮಾತು. ಹೆಮ್ಮೆಯನ್ನು ಹಗುರವಾಗಿ ಕಾಣಬಾರದು. 2010ರ ದೆಹಲಿ ಕೂಟದಲ್ಲಿ ಭಾರತ 101 ಪದಕ ಗೆದ್ದು ಎರಡನೇ ಸ್ಥಾನ ಪಡೆಯಿತು. ಮಹಿಳೆಯರ 4×400 ಮೀ. ರಿಲೇಯಲ್ಲಿ ಚಿನ್ನ ತಂದ ತಂಡದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಇದ್ದರು, ಬ್ಯಾಡ್ಮಿಂಟನ್ ಡಬಲ್ಸ್‌ನ ಚಿನ್ನದಲ್ಲಿ ಕೊಡಗಿನ ಅಶ್ವಿನಿ ಪೊನ್ನಪ್ಪ ಅವರ ಪಾಲಿತ್ತು. ಆದರೆ ಆ ಕೂಟಕ್ಕಾಗಿ ಆಟಗಾರರನ್ನು ತಯಾರು ಮಾಡುವ ಇಡೀ ಯೋಜನೆಗೆ ಕೇಂದ್ರ ಮಂಜೂರು ಮಾಡಿದ್ದು ₹678 ಕೋಟಿ. ಜವಾಹರಲಾಲ್ ನೆಹರೂ ಕ್ರೀಡಾಂಗಣ ಒಂದರ ನವೀಕರಣಕ್ಕೇ ₹961 ಕೋಟಿ ಹೋಯಿತು. ಸಿಎಜಿ ಲೆಕ್ಕದಲ್ಲಿ ಕೂಟದ ಒಟ್ಟು ವೆಚ್ಚ ₹18,532 ಕೋಟಿ. 2003ರಲ್ಲಿ ಹೇಳಿದ್ದ ಅಂದಾಜು ₹300 ಕೋಟಿಯ ಒಳಗೆ. ದೆಹಲಿ ಸರ್ಕಾರ ಪರಿಶಿಷ್ಟ ಜಾತಿ ಉಪಯೋಜನೆಗೆ ಮೀಸಲಾಗಿದ್ದ ನೂರಾರು ಕೋಟಿಯನ್ನು ಈ ಕೂಟದ ಕಡೆಗೆ ತಿರುಗಿಸಿದ್ದು ತಪ್ಪೆಂದು ಆಗಿನ ಗೃಹಸಚಿವ ಪಿ. ಚಿದಂಬರಂ ರಾಜ್ಯಸಭೆಯಲ್ಲೇ ಒಪ್ಪಿಕೊಳ್ಳಬೇಕಾಯಿತು. ಈಗ ಅದೇ ನೆಹರೂ ಕ್ರೀಡಾಂಗಣವನ್ನು ಕೆಡವಿ ‘ಕ್ರೀಡಾ ನಗರ’ ಕಟ್ಟುವ ಪ್ರಸ್ತಾವ ಕ್ರೀಡಾ ಸಚಿವಾಲಯದ ಮುಂದಿದೆ. ಪದಕ ತಂದುಕೊಟ್ಟದ್ದು ತರಬೇತಿ ಶಿಬಿರಗಳು, ಹಣ ನುಂಗಿದ್ದು ಕಾಂಕ್ರೀಟು.

ಇದೆಲ್ಲ ಈಗೇಕೆ ಎಂದರೆ, 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬಂದಿದೆ, 2036ರ ಒಲಿಂಪಿಕ್ಸ್‌ಗೆ ಭಾರತ 2024ರ ಅಕ್ಟೋಬರಿನಲ್ಲೇ ಆಸಕ್ತಿ ಪತ್ರ ಸಲ್ಲಿಸಿದೆ. ನಮ್ಮಲ್ಲಿ ಈಗ ಹಿಂಜರಿತವೇನೂ ಇಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ರಿಯೊ ಕೂಡ ಆತಿಥ್ಯ ಪಡೆದದ್ದು 2009ರಲ್ಲಿ, ಮರುವರ್ಷ ಬ್ರೆಜಿಲ್ ಶೇ 7.5ರ ದರದಲ್ಲಿ ಬೆಳೆಯಿತು. ಸಹಿ ಬೀಳುವುದು ಒಳ್ಳೆಯ ಕಾಲದಲ್ಲಿ, ಬಿಲ್ಲು ಬರುವುದು ಏಳು, ಎಂಟು, ಹತ್ತು ವರ್ಷಗಳ ಆಚೆ. ಆಗಿನ ಮಳೆ, ತೈಲದ ಬೆಲೆ, ರೂಪಾಯಿಯ ಗತಿ ಹೇಗಿರುತ್ತದೆಂದು ಇವತ್ತು ಯಾರೂ ಹೇಳಲಾರರು. ಕೇಂದ್ರ ಕೊಡುವ ಖಾತರಿಯಲ್ಲಿ ಗುಜರಾತಿನವರಷ್ಟೇ ಅಲ್ಲ, ಕಲಬುರಗಿಯ, ಚಾಮರಾಜನಗರದ ತೆರಿಗೆದಾರರೂ ಪಾಲುದಾರರು. ತಡವಾಗಿ ಹಿಂದೆ ಸರಿದರೂ ಬೆಲೆ ತೆರಬೇಕು: 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಕೆಂದು 2026ರ ಕಾಮನ್‌ವೆಲ್ತ್ ಕೂಟ ಒಪ್ಪಿಕೊಂಡಿದ್ದ ವಿಕ್ಟೋರಿಯಾ ರಾಜ್ಯ, ಖರ್ಚು 600 ಕೋಟಿ ದಾಟುತ್ತದೆಂದು ಗೊತ್ತಾಗಿ 2023ರಲ್ಲಿ ಕೈಬಿಟ್ಟಿತು. ಪರಿಹಾರವಾಗಿ ಕಟ್ಟಿದ್ದು 38 ಕೋಟಿ. ಅದೇ ಕೂಟವನ್ನು ಗ್ಲಾಸ್ಗೊ ಇರುವ ಅಂಗಳಗಳಲ್ಲೇ, ಹತ್ತೇ ಕ್ರೀಡೆಗಳಿಗೆ ಇಳಿಸಿ ವಹಿಸಿಕೊಂಡಿತು.

ಹಾಗಾಗಿ ಕೇಂದ್ರ ಸರ್ಕಾರ 2036ರ ಖಾತರಿ ಪತ್ರಕ್ಕೆ ಸಹಿ ಹಾಕುವ ಮೊದಲು ಅದರ ಪೂರ್ತಿ ಕರಡನ್ನು ಸಂಸತ್ತಿನ ಮುಂದಿಡಲಿ. ಖರ್ಚಿಗೆ ಕಾನೂನಿನ ಮೂಲಕ ಮಿತಿ ಹಾಕಲಿ. ಆದಾಯ ಕುಸಿದರೆ ಕೂಟವನ್ನು ಎಷ್ಟು ಕಿರಿದು ಮಾಡಬಹುದು, ಬಿಟ್ಟುಕೊಟ್ಟರೆ ಎಷ್ಟು ದಂಡ ಎಂಬುದನ್ನು ಮೊದಲೇ ಬರೆಸಿಕೊಳ್ಳಲಿ. ಕೂಟ ಮುಗಿದ ಮೇಲೆ ಬರುವ ಸಿಎಜಿ ವರದಿ ಚರಿತ್ರೆಗಷ್ಟೇ ಉಪಯೋಗ, ಆದ್ದರಿಂದ ಲೆಕ್ಕಪರಿಶೋಧನೆ ವರ್ಷವರ್ಷವೂ ನಡೆಯಲಿ. ಈ ಷರತ್ತುಗಳಿಗೆ ಒಲಿಂಪಿಕ್ ಸಮಿತಿ ಒಪ್ಪಿದರೆ ಕೂಟ ಬರಲಿ, ಸಂಭ್ರಮದಿಂದ ನಡೆಸೋಣ. ಒಪ್ಪದಿದ್ದರೆ ಬೇಡವೆನ್ನುವ ಧೈರ್ಯ ಸರ್ಕಾರಕ್ಕೆ ಇರಬೇಕು, ಹಾಗೆ ಹೇಳಿ ಎಂದು ತಮ್ಮ ಸಂಸದರನ್ನು ಕೇಳುವ ಹಕ್ಕು ಮತದಾರರಿಗಿದೆ. ಅದನ್ನು ಕೇಳಬೇಕಾದದ್ದು ಸಹಿ ಬೀಳುವ ಮೊದಲು.