ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರಿನ ಬ್ರೇಕ್ ಹಿಡಿಯದಿದ್ದರೆ ಎಲ್ಲರೂ ಹೆದರುತ್ತಾರೆ. ಹಿಡಿದ ಬ್ರೇಕ್ ಬಿಡದಿದ್ದರೆ ಮಾತ್ರ, ಮೈಲೇಜು ಕಡಿಮೆಯಾಯಿತೆಂದು ಗೊಣಗಿ ಸುಮ್ಮನಾಗುತ್ತಾರೆ. ಆದರೆ ಎರಡನೆಯ ದೋಷವೇ ಮೊದಲನೆಯದಕ್ಕೆ ದಾರಿ. ಸದಾ ಉಜ್ಜುತ್ತಿರುವ ಚಕ್ರದ ಕಾವು ಬ್ರೇಕ್ ಆಯಿಲಿಗೆ ತಾಗಿ ಅದು ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ಆವಿ ಕುಗ್ಗುತ್ತದೆಯೇ ಹೊರತು ದ್ರವದಂತೆ ಒತ್ತಡವನ್ನು ಸಾಗಿಸದು. ಪೆಡಲು ತಳ ಮುಟ್ಟಿದರೂ ಗಾಡಿ ನಿಲ್ಲದು. ಆಗುಂಬೆಯ ತಿರುವಿನಲ್ಲಿ ಅದರ ಪರಿಣಾಮವೇನೆಂದು ಹೇಳಬೇಕಾಗಿಲ್ಲ.

ಕಳೆದ ವರ್ಷ ನಮ್ಮ ಕಾರಿನ ಮುಂದಿನ ಎಡಚಕ್ರ ಹೀಗೆ ಕಾದಾಗ, ಒಂದು ಗ್ಯಾರೇಜಿನವರು ಚಕ್ರ ಬಿಚ್ಚುವ ಮೊದಲೇ ನಾಲ್ಕು ಪ್ಯಾಡು, ಎರಡು ಡಿಸ್ಕುಗಳ ಪಟ್ಟಿ ಬರೆದರು. ಕಾರಣ ಕೇಳಿದರೆ, "ಎಲ್ಲಾ ಹೊಸದು ಹಾಕಿದ್ರೆ ಸರಿಹೋಗುತ್ತೆ ಸಾರ್" ಎಂಬ ಉತ್ತರ. ಇದು ಚಿಕಿತ್ಸೆಯಲ್ಲ, ವ್ಯಾಪಾರ. ಪ್ಯಾಡು ಸವೆದಿರುವುದು ರೋಗದ ಫಲ. ಮೂಲ ಹಾಗೆಯೇ ಉಳಿದರೆ ಹೊಸ ಪ್ಯಾಡೂ ಸವೆಯುತ್ತದೆ.

ಮೂಲವನ್ನು ಹುಡುಕುವುದು ಕಷ್ಟವೂ ಅಲ್ಲ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಮುಟ್ಟದೆ, ಅಂಗೈಯನ್ನು ಚಕ್ರದ ಸಮೀಪ ಹಿಡಿದು ಎಡಬಲಗಳ ಕಾವನ್ನು ಹೋಲಿಸಿರಿ. ಬಳಿಕ ಸಮತಟ್ಟಾದ ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕಿಯೊಂದನ್ನೇ ನಂಬದೆ ಸ್ಟ್ಯಾಂಡ್ ಇರಿಸಿ, ಚಕ್ರವನ್ನು ಕೈಯಿಂದ ತಿರುಗಿಸಬೇಕು. ಡಿಸ್ಕ್ ಬ್ರೇಕಿನಲ್ಲಿ ತುಸು ಉಜ್ಜುವ ಸದ್ದು ಸಹಜ; ಬಿಗಿತ ಸಹಜವಲ್ಲ. ಹಲವು ಚಕ್ರಗಳು ಒಟ್ಟಿಗೇ ಬಿಗಿದಿದ್ದರೆ ಮಾಸ್ಟರ್ ಸಿಲಿಂಡರನ್ನೂ ಪೆಡಲನ್ನೂ ಶಂಕಿಸಬೇಕು. ಒಂದೇ ಚಕ್ರವಾದರೆ ಮೆಕ್ಯಾನಿಕ್ ಅಲ್ಲಿಯ ಬ್ಲೀಡರ್ ಸ್ಕ್ರೂವನ್ನು ಸಡಿಲಿಸಲಿ. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಗೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತೆಂದರ್ಥ; ಸಾಮಾನ್ಯವಾಗಿ ಒಳಗೋಡೆ ಊದಿಕೊಂಡ ರಬ್ಬರ್ ಹೋಸು ಅದಕ್ಕೆ ಕಾರಣ. ಚಕ್ರ ಬಿಗಿಯಾಗಿಯೇ ಉಳಿದರೆ ತುಕ್ಕು ಹಿಡಿದ ಪಿಸ್ಟನ್ನು ಅಥವಾ ಗ್ರೀಸು ಒಣಗಿದ ಕ್ಯಾಲಿಪರ್ ಪಿನ್ನು. ಹಿಂದಿನ ಚಕ್ರವಾದರೆ ಹ್ಯಾಂಡ್ ಬ್ರೇಕಿನ ಕೇಬಲ್ಲನ್ನೂ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಕೊಳವೆಯ ಗಾಳಿಯನ್ನು ತೆಗೆಯಲು ಮರೆಯಬಾರದು. ನಮ್ಮ ಕಾರಿನಲ್ಲಿ ದೋಷವಿದ್ದದ್ದು ಹೋಸಿನಲ್ಲಿ. ಬೇರೊಬ್ಬ ಹಿರಿಯ ಮೆಕ್ಯಾನಿಕ್ ಅದನ್ನು ಅರ್ಧ ಗಂಟೆಯಲ್ಲಿ ಕಂಡುಹಿಡಿದರು.

ಗ್ಯಾರೇಜಿನವರನ್ನೇ ದೂರಿದರೆ ಸಾಲದು. ಬಿಡಿಭಾಗಕ್ಕೆ ಸಾವಿರಗಟ್ಟಲೆ ಎಣಿಸಿಕೊಡುವ ಗಿರಾಕಿ, "ನೋಡಿದ್ದಕ್ಕೂ ದುಡ್ಡೇ?" ಎಂದು ಪರೀಕ್ಷೆಯ ಕೂಲಿಗೆ ಚೌಕಾಸಿ ಮಾಡುತ್ತಾನೆ. ಬುದ್ಧಿಗೆ ಬೆಲೆಯಿಲ್ಲದ ಕಡೆ ಸಾಮಾನು ಮಾರುವವನೇ ಬದುಕುತ್ತಾನೆ. ಕಸುಬು ಬಲ್ಲವನು ಅಂಗಡಿ ಮುಚ್ಚುತ್ತಾನೆ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಹಂತಗಳನ್ನು ಬರೆಯದ ಲೆಕ್ಕಕ್ಕೆ, ಉತ್ತರ ಸರಿಯಿದ್ದರೂ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲ. ಈಗ ಕಾರುಗಳ ಒಡೆಯರಾಗಿರುವ ನೀವು ಗ್ಯಾರೇಜಿನಲ್ಲಿಯೂ ಅದನ್ನೇ ಕೇಳಿರಿ. ಪಟ್ಟಿಗಿಂತ ಮೊದಲು ಕಾರಣವನ್ನು ಹೇಳಲಿ; ಹೇಳಿದವರಿಗೆ ಕೂಲಿಯನ್ನು ಸಂತೋಷದಿಂದ ಕೊಡಿರಿ.